ಒಂಬತ್ತನೆಯ ಪೆಟ್ಟಿಗೆಯ ಹಾಲು

ಕಸ್ತೂರಿ ಬಡಿಗೇರ ಹೆತ್ತು ಹದಿನಾರು ದಿನವಾಗಿತ್ತು. ಅಂದು ಬೆಳಿಗ್ಗೆ ಅವಳ ಹಾಲು ಹಳದಿಗೆ ತಿರುಗಿತ್ತು.

ದಾಕ್ಷಾಯಿಣಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಮೆಲ್ಲಗೆ ಅಲ್ಲಾಡಿಸಿದಳು, ಮತ್ತೆ ನೋಡಿದಳು. ಹೆತ್ತ ಮೊದಲೆರಡು ದಿನ ಬರುವ ಗಿಣ್ಣದ ಹಾಲಿನಷ್ಟೇ ಮಂದ, ಅಷ್ಟೇ ಹಳದಿ. ಎರಡು ವಾರ ದಾಟಿದ ಬಾಣಂತಿಯ ಹಾಲು ಹೀಗಿರುವುದಿಲ್ಲ. ತಾಯಿ-ಮಕ್ಕಳ ಆಸ್ಪತ್ರೆಯ ಹಾಲಿನ ಪ್ರಯೋಗಾಲಯದಲ್ಲಿ ಟೆಕ್ನೀಷಿಯನ್ ಆಗಿ ಐದು ವರ್ಷ ಕಳೆದಿದ್ದ ಅವಳು ಇಂಥ ಹಾಲನ್ನು ಕಂಡದ್ದು ಎರಡೇ ಸಲ. ಎರಡು ಸಲವೂ ಆ ತಾಯಿಯ ಕೂಸಿನ ರಕ್ತಕ್ಕೆ ನಂಜೇರಿತ್ತು.

ಯಂತ್ರಕ್ಕೆ ಮೂರು ಹನಿ ಹಾಕಿ ಕಾದಳು. ಬಿಳಿ ರಕ್ತಕಣ ಇರಬೇಕಾದದ್ದಕ್ಕಿಂತ ನಲವತ್ತು ಪಟ್ಟು. ಪ್ರತಿಕಾಯಗಳ ಗೆರೆ ಪರದೆಯ ಅಂಚು ಮುಟ್ಟಿತ್ತು. ಕೊಬ್ಬು ಮಾತ್ರ ಅರ್ಧಕ್ಕೆ ಇಳಿದಿತ್ತು. ಕೂಸನ್ನು ಬೆಳೆಸುವ ಕೆಲಸ ಬದಿಗಿಟ್ಟು ಈ ತಾಯಿಯ ಮೈ ಯಾವುದೋ ರೋಗದ ಜೊತೆ ಕಾದಾಟಕ್ಕೆ ನಿಂತಿತ್ತು.

ಕೈಗವಸು ಕಿತ್ತೆಸೆದು ಅವಳು ಶಿಶು ಘಟಕದ ಕಡೆ ಓಡಿದಳು.

ದಿನ ತುಂಬಿ ಹುಟ್ಟಿದ ಕೂಸು ಎದೆ ಚೀಪುವಾಗ ಹಾಲು ಅದರ ಹೊಟ್ಟೆಗೆ ಹೋಗುತ್ತದೆ. ಜೊತೆಗೆ ಅದರ ಜೊಲ್ಲು ಒಂದಿಷ್ಟು ತಾಯಿಯ ಎದೆಯೊಳಕ್ಕೂ ಸೇರುತ್ತದೆ. ಕೂಸಿಗೆ ಏನು ಬೇಕು, ಏನು ಕಾಯಿಲೆ ಸೋಕಿದೆ ಎಂಬುದನ್ನು ತಾಯಿಯ ಮೈ ಆ ಜೊಲ್ಲಿನಿಂದ ತಿಳಿದುಕೊಂಡು ಹಾಲನ್ನು ಬದಲಿಸುತ್ತದೆ. ಏಳನೆಯ ತಿಂಗಳಿಗೇ ಹುಟ್ಟಿದ ಕೂಸಿಗೆ ಚೀಪಲು ಬರುವುದಿಲ್ಲ. ಅದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುತ್ತದೆ, ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಹಾಲು ಹೋಗುತ್ತದೆ. ತಾಯಿ ಬೇರೆ ಕೋಣೆಯಲ್ಲಿ ಕೂತು ಪಂಪಿನಿಂದ ಹಾಲು ತೆಗೆದು ಕೊಡುತ್ತಾಳೆ. ತಾಯಿಗೂ ಕೂಸಿಗೂ ನಡುವೆ ಯಾವ ಸುದ್ದಿಯೂ ಹೋಗಿ ಬರುವುದಿಲ್ಲ.

ಆ ಸುದ್ದಿಯನ್ನು ಮುಟ್ಟಿಸಲೆಂದೇ ‘ಕೊಂಡಿ’ ಬಂದಿತ್ತು. ಕೂಸಿನ ಕೆನ್ನೆಯೊಳಗೆ ಅಕ್ಕಿಕಾಳಿನಷ್ಟು ಬತ್ತಿ. ತಾಯಿಯ ಎಡ ಎದೆಯ ಕೆಳಗೆ ನಾಣ್ಯದಗಲದ ಬಿಲ್ಲೆ. ಬತ್ತಿ ಜೊಲ್ಲನ್ನು ಓದುತ್ತಿತ್ತು. ಅದು ಕಳಿಸಿದ್ದನ್ನು ಬಿಲ್ಲೆ ಕೂದಲಿಗಿಂತ ತೆಳುವಾದ ಸೂಜಿಗಳಿಂದ ತಾಯಿಯ ಮೈಗೆ ದಾಟಿಸುತ್ತಿತ್ತು. ಕೊಂಡಿ ಬಂದ ಮೂರು ವರ್ಷಗಳಲ್ಲಿ ಆ ಆಸ್ಪತ್ರೆಯಲ್ಲಿ ಸಾಯುವ ಕೂಸುಗಳ ಸಂಖ್ಯೆ ಅರ್ಧಕ್ಕೆ ಇಳಿದಿತ್ತು. ಬಿಲ್ಲೆ ಹಚ್ಚಿ, ಅದರ ಸಂಖ್ಯೆಯನ್ನು ಕೂಸಿನ ಬತ್ತಿಯ ಸಂಖ್ಯೆಗೆ ಜೋಡಿಸುವ ಕೆಲಸ ದಾಕ್ಷಾಯಿಣಿಯದು.

ಒಂಬತ್ತನೆಯ ಪೆಟ್ಟಿಗೆಯಲ್ಲಿ ಕಸ್ತೂರಿಯ ಹೆಣ್ಣುಕೂಸು ಕಾಲು ಒದೆಯುತ್ತ ಮಲಗಿತ್ತು. ಮೈ ಕೆಂಪಗಿತ್ತು, ಉಸಿರಾಟ ಸಲೀಸಾಗಿತ್ತು. ದಾಕ್ಷಾಯಿಣಿ ಗಾಜಿಗೆ ಮುಖ ಹಚ್ಚಿ ನೋಡಿದಳು.

“ಏನಾತ್ರಿ, ಹಂಗ ಓಡಿ ಬಂದ್ರಿ?” ಎಂದರು ಸಿಸ್ಟರ್ ಯಮುನಾ. ಘಟಕದ ಹಿರಿಯ ನರ್ಸ್ ಅವರು.

“ಈ ಕೂಸಿಗೆ ಜ್ವರ ಏನರ ಐತೇನ್ರಿ?”

“ಏನಿಲ್ಲ, ಗಟ್ಟಿ ಐತಿ. ತೂಕ ಒಂದು ಏರವಲ್ದು, ಐದು ದಿನದಿಂದ ಒಂದು ಕಿಲೋ ಇನ್ನೂರಾ ಹತ್ತಕ್ಕ ನಿಂತೈತಿ. ಚಿಂತಿ ಇರೋದು ನಾಲ್ಕನೇದ್ದರದು.” ಸಿಸ್ಟರ್ ದನಿ ತಗ್ಗಿಸಿದರು. “ನಿನ್ನೆ ಸಂಜಿಯಿಂದ ಹೊಟ್ಟಿ ಉಬ್ಬೇತಿ. ಹಾಲು ನಿಲ್ಲಿಸ್ಯಾರ. ಮೈ ಬೂದಿ ಬಣ್ಣ ಆಗೇತಿ ನೋಡ್ರಿ.”

ನಾಲ್ಕನೆಯ ಪೆಟ್ಟಿಗೆಯಲ್ಲಿ ಶಮಶಾದ ನದಾಫಳ ಗಂಡುಕೂಸಿತ್ತು. ಹುಟ್ಟಿದಾಗ ಒಂದು ಕಿಲೋ ನಲವತ್ತು ಗ್ರಾಂ, ಈಗ ಒಂದು ಕಿಲೋ ಹತ್ತು. ಅಂಗೈಯಗಲದ ಹೊಟ್ಟೆ ಬಿಗಿದು ಹೊಳೆಯುತ್ತಿತ್ತು, ಚರ್ಮದಡಿಯ ನರಗಳು ನೀಲಿಯಾಗಿ ಎದ್ದು ಕಾಣುತ್ತಿದ್ದವು. ಕೂಸು ಅಳುತ್ತಿರಲಿಲ್ಲ. ಅದನ್ನು ಕಂಡೇ ದಾಕ್ಷಾಯಿಣಿಗೆ ಹೆಚ್ಚು ಹೆದರಿಕೆಯಾಯಿತು.

ಪ್ರಯೋಗಾಲಯಕ್ಕೆ ಮರಳಿ ಶಮಶಾದಳ ಬಾಟಲಿಯನ್ನು ಹುಡುಕಿ ತೆಗೆದಳು. ಬೆಳ್ಳಗೆ, ತಿಳಿಯಾಗಿ, ಕೊಬ್ಬು ತುಂಬಿದ ಹಾಲು. ರೋಗದೊಂದಿಗೆ ಹೋರಾಡುವ ಕಣ ಒಂದೂ ಹೆಚ್ಚಿರಲಿಲ್ಲ. ಸೊಂಪಾಗಿ ಬೆಳೆಯುತ್ತಿರುವ ಕೂಸಿಗೆ ತಯಾರಾದ ಹಾಲಿನಂತಿತ್ತು ಅದು.

ಎರಡೂ ಬಾಟಲಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅವಳು ಕುರ್ಚಿಯಲ್ಲಿ ಕುಸಿದಳು. ಹದಿನಾರು ದಿನದ ಹಿಂದಿನ ಮಧ್ಯಾಹ್ನ ನೆನಪಿಗೆ ಬಂತು. ಕಸ್ತೂರಿ, ಶಮಶಾದ ಇಬ್ಬರದೂ ಒಂದೇ ತಾಸಿನಲ್ಲಿ ಹೆರಿಗೆಯಾಗಿತ್ತು. ಬಿಲ್ಲೆ ಹಚ್ಚುವಾಗ ಕರೆಂಟು ಹೋಗಿ ಜನರೇಟರ್ ಹತ್ತಲು ಐದಾರು ನಿಮಿಷ ಹಿಡಿದಿತ್ತು. ಎರಡು ಬಿಲ್ಲೆಗಳೂ ಒಂದೇ ಟ್ರೇಯಲ್ಲಿದ್ದವು. ಕತ್ತಲಲ್ಲಿ ಯಾರೋ ಟ್ರೇಯನ್ನು ಆಚೆ ಸರಿಸಿದ್ದರು. ದೀಪ ಬಂದ ಮೇಲೆ ಅವಳು ಸಂಖ್ಯೆಗಳನ್ನು ಮತ್ತೊಮ್ಮೆ ಓದಿ ನೋಡಿದ್ದಳೇ? ಎಷ್ಟು ಯೋಚಿಸಿದರೂ ಓದಿದ ನೆನಪು ಬರಲಿಲ್ಲ.

ಕೊಂಡಿಗಳನ್ನೆಲ್ಲ ಗಮನಿಸುವ ನಿಯಂತ್ರಣ ಕೇಂದ್ರ ದೂರದ ಮಹಾನಗರದಲ್ಲಿತ್ತು. ಅವಳು ಫೋನು ಮಾಡಿದಳು.

“ನಾಲ್ಕು ಮತ್ತು ಒಂಬತ್ತು, ಎರಡೂ ಕೊಂಡಿ ಚೆನ್ನಾಗಿ ಕೆಲಸ ಮಾಡ್ತಿವೆ ಮೇಡಂ,” ಎಂದ ಅಲ್ಲಿಯ ಯುವಕ. “ಸಿಗ್ನಲ್ ನೂರಕ್ಕೆ ನೂರು. ಏನಾದ್ರೂ ತೊಂದರೆ ಇದೆಯಾ?”

“ಒಬ್ಬರ ಬಿಲ್ಲೆ ಇನ್ನೊಬ್ಬರ ಮೈ ಮ್ಯಾಲೆ ಕುಂತಿದ್ರ ನಿಮಗ ಗೊತ್ತಾಗ್ತೈತೇನ್ರಿ?”

“ನಮಗೆ ಕಾಣೋದು ಸಂಖ್ಯೆ ಮಾತ್ರ. ಆ ಸಂಖ್ಯೆ ಯಾರ ಮೈ ಮೇಲಿದೆ ಅಂತ ಹಚ್ಚಿದವರಿಗೇ ಗೊತ್ತಿರಬೇಕು. ಬಿಲ್ಲೆ ಕಿತ್ತರೆ ಹಿಂಬದಿಯಲ್ಲಿ ಸಂಖ್ಯೆ ಇರುತ್ತೆ. ಆದ್ರೆ ಕಿತ್ತ ಬಿಲ್ಲೆ ಮತ್ತೆ ಕೆಲಸಕ್ಕೆ ಬರಲ್ಲ. ಹೊಸದು ಹಚ್ಚಿದ್ರೆ ತಾಯಿ ಮೈ ಕಲಿಯೋಕೆ ಮೂರು ದಿನ ಬೇಕು. ದೂರು ಬರ್ಕೊಳ್ಲಾ?”

“ಬ್ಯಾಡ್ರಿ,” ಎಂದು ಅವಳು ಫೋನಿಟ್ಟಳು. ಆ ಒಂದು ಮಾತಿಗಾಗಿ ಆಮೇಲೆ ತನ್ನನ್ನು ತಾನು ಎಷ್ಟು ಹಳಿದುಕೊಂಡಳೋ ಲೆಕ್ಕವಿಲ್ಲ.

ಸಂಜೆ ಮನೆಯಲ್ಲಿ ಗಂಡ ಮಹಾಂತೇಶ ಚಹಾ ಮಾಡಿಕೊಟ್ಟ. ಅವನು ಶಾಲೆಯ ಬಸ್ಸು ಓಡಿಸುತ್ತಿದ್ದ. ಅವಳಿಗಿಂತ ಮೊದಲೇ ಮನೆ ಸೇರುತ್ತಿದ್ದ. ಅತ್ತೆ ಗಂಗವ್ವ ಪಡಸಾಲೆಯಲ್ಲಿ ಕೂತು ಮರುದಿನದ ಪೂಜೆಗೆ ಸೇವಂತಿಗೆ ಮಾಲೆ ಕಟ್ಟುತ್ತಿದ್ದರು.

“ಕಾಂಟ್ರ್ಯಾಕ್ಟ್ ಮುಂದುವರಸೋ ಕಾಗದ ಬಂತೇನು?” ಎಂದು ಮಹಾಂತೇಶ ಕೇಳಿದ.

“ಈ ತಿಂಗಳ ಕೊನೀಗೆ ಬರ್ತೈತಂತ.”

“ಈ ಸಲ ಕಾಯಂ ಮಾಡ್ತಾರ ಬಿಡು. ಐದು ವರ್ಷದಾಗ ನಿನ್ನ ಮ್ಯಾಲೆ ಒಂದರ ದೂರು ಐತೇನು?”

ಅವಳು ಚಹಾದ ಲೋಟ ಕೆಳಗಿಟ್ಟಳು. ಹೇಳಿಬಿಡಬೇಕು ಎನಿಸಿತು. ಆದರೆ ಏನೆಂದು ಹೇಳುವುದು? ಗೊತ್ತಿರುವುದು ಎರಡು ಬಾಟಲಿಯ ಬಣ್ಣ ಮಾತ್ರ. ತಾನು ತಪ್ಪು ತಿಳಿದಿದ್ದರೆ? ಸುಮ್ಮನೆ ಇಬ್ಬರ ಬಿಲ್ಲೆಯನ್ನೂ ಕೀಳಿಸಿ ಎರಡು ಕೂಸುಗಳನ್ನೂ ಮೂರು ದಿನ ಬರಿಗೈಯಲ್ಲಿ ಬಿಟ್ಟಂತಾಗುತ್ತದೆ. ನಾಳೆ ಇನ್ನೊಮ್ಮೆ ಪರೀಕ್ಷಿಸಿ ನೋಡೋಣ. ಹೀಗೆ ತನಗೆ ತಾನೇ ಹೇಳಿಕೊಂಡಳು. ಈ ನೆಪದ ಕೆಳಗೆ ಇನ್ನೊಂದು ಹೆದರಿಕೆ ಕೂತಿತ್ತು. ಅದು ಕೂಸಿನ ಬಗೆಗಿನದಲ್ಲ, ತನ್ನ ಬಗೆಗಿನದು. ಅದೂ ಅವಳಿಗೆ ತಿಳಿದಿತ್ತು.

“ಯಾಕವ್ವಾ, ಮಾರಿ ಸಣ್ಣ ಮಾಡ್ಕೊಂಡಿ?” ಎಂದರು ಗಂಗವ್ವ.

“ತಲಿ ನೋಯಾಕತ್ತೈತಿ, ಅತ್ತಿ,” ಎಂದು ಒಳಗೆ ಹೋಗಿ ಮಲಗಿದಳು.

ಮರುದಿನ ಅವಳು ಘಟಕದ ಬಾಗಿಲು ತೆರೆಯುವಾಗಲೇ ನಾಲ್ಕನೆಯ ಪೆಟ್ಟಿಗೆಯ ಸುತ್ತ ಜನ ಸೇರಿದ್ದರು. ಕೂಸಿನ ಬಾಯಿಗೆ ಉಸಿರಾಟದ ನಳಿಕೆ ಹಾಕಿದ್ದರು. ಘಟಕದ ಮುಖ್ಯಸ್ಥೆ ಡಾಕ್ಟರ್ ನಂದಿನಿ ಇನಾಮದಾರ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನಿಂತಿದ್ದರು. ಕರುಳು ಇನ್ನೂ ತೂತಾಗಿಲ್ಲ, ಆದರೆ ಎರಡನೆಯ ಔಷಧಕ್ಕೂ ರೋಗಾಣು ಬಗ್ಗಿಲ್ಲ ಎಂದು ಅವರು ಹೇಳುತ್ತಿರುವುದು ಕೇಳಿಸಿತು. ಹೊರಗಿನ ಬೆಂಚಿನ ಮೇಲೆ ಶಮಶಾದಳ ತಾಯಿ ಹುಸೇನಬಿ ಕೈ ಮೇಲೆತ್ತಿ ಕಣ್ಣು ಮುಚ್ಚಿ ಕೂತಿದ್ದರು.

ಬಿಲ್ಲೆ ಕೀಳದೆ ತಿಳಿಯಲು ದಾರಿ ಒಂದಿತ್ತು. ಕೊಂಡಿಗಳ ಜೊತೆ ಬಂದ, ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಪ್ರತಿ ಬತ್ತಿಯ ಸಂಖ್ಯೆಗೂ ಪರೀಕ್ಷೆಯ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಜೋಡಿ ಬಿಲ್ಲೆಯ ಸೂಜಿಗಳು ಒಮ್ಮೆಲೇ ಚುಚ್ಚುತ್ತವೆ, ತಾಯಿಗೆ ಇರುವೆ ಕಡಿದಂತಾಗುತ್ತದೆ. ಆಸ್ಪತ್ರೆಯಲ್ಲಿ ಅದನ್ನು ಬಳಸುತ್ತಿದ್ದುದು ಬಿಲ್ಲೆ ಹಚ್ಚಿದ ದಿನ ಮಾತ್ರ. ಅಂದು ಇಬ್ಬರು ತಾಯಂದಿರೂ ಹೆರಿಗೆಯ ಮಂಪರಿನಲ್ಲಿದ್ದರು. ಅವರನ್ನು ಕೇಳದೆಯೇ ಅವಳು ‘ಸರಿ’ ಎಂದು ಬರೆದಿದ್ದಳು.

ಆ ಯಂತ್ರವನ್ನು ದಾಕ್ಷಾಯಿಣಿ ಕೋಟಿನ ಜೇಬಿಗೆ ಹಾಕಿಕೊಂಡು ತಾಯಂದಿರ ಕೋಣೆಗೆ ಹೋದಳು. ಊಟದ ಹೊತ್ತು. ಹತ್ತು ಹನ್ನೆರಡು ಬಾಣಂತಿಯರು ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಒಬ್ಬರ ಬುತ್ತಿಯ ಸಬ್ಬಸಿಗೆ ಪಲ್ಯ ಇನ್ನೊಬ್ಬರ ತಟ್ಟೆಗೆ ಹೋಗುತ್ತಿತ್ತು. ಶಮಶಾದ ಮೂಲೆಯಲ್ಲಿ ತಟ್ಟೆಯನ್ನು ಮುಟ್ಟದೆ ಕೂತಿದ್ದಳು. ಕಸ್ತೂರಿ ಅವಳ ಪಕ್ಕಕ್ಕೆ ಸರಿದು, “ಒಂದು ತುತ್ತರ ಉಣ್ಣವಾ. ನೀ ಉಣ್ಣಲಿಲ್ಲಂದ್ರ ಹಾಲು ಬತ್ತತಾವ,” ಎಂದು ರೊಟ್ಟಿ ಮುರಿದು ಕೊಡುತ್ತಿದ್ದಳು.

ಬಾಗಿಲಲ್ಲೇ ನಿಂತು ದಾಕ್ಷಾಯಿಣಿ ಜೇಬಿನೊಳಗೆ ನಾಲ್ಕನೆಯ ಸಂಖ್ಯೆಯನ್ನು ಒತ್ತಿದಳು. ಶಮಶಾದಳ ಕೈ ಎದೆಗೆ ಹೋಗಲಿ, ದೇವರೇ, ಶಮಶಾದಳ ಕೈ ಹೋಗಲಿ.

ಶಮಶಾದ ಅಲ್ಲಾಡಲಿಲ್ಲ.

“ಹಾ!” ಎಂದು ಕಸ್ತೂರಿ ರೊಟ್ಟಿ ಬಿಟ್ಟು ಎಡ ಎದೆಯ ಕೆಳಗೆ ಕೈ ಒತ್ತಿದಳು. “ಏನೋ ಕಡೀತ್ವಾ.”

ದಾಕ್ಷಾಯಿಣಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇನ್ನೊಮ್ಮೆ ಒತ್ತಿದಳು. ಕಸ್ತೂರಿ ಇನ್ನೊಮ್ಮೆ ಬೆಚ್ಚಿದಳು. ಒಂಬತ್ತನ್ನು ಒತ್ತಿದಾಗ ಶಮಶಾದ ಕೂತಲ್ಲೇ ಮೈ ಕುಗ್ಗಿಸಿ ಸೆರಗು ಸರಿಪಡಿಸಿಕೊಂಡಳು.

ನಾಲ್ಕನೆಯ ಪೆಟ್ಟಿಗೆಯ ಕೂಸು ಕೆಲವು ದಿನಗಳಿಂದ ‘ನನಗೆ ಕಾಯಿಲೆಯಾಗಿದೆ’ ಎಂದು ಕೂಗುತ್ತಲೇ ಇತ್ತು. ಆ ಕೂಗು ಬೇರೆಯವಳ ಮೈಗೆ ಕೇಳಿಸಿತ್ತು.

ಡಾಕ್ಟರ ಕೋಣೆಗೆ ಇದ್ದದ್ದು ನಲವತ್ತು ಹೆಜ್ಜೆ. ನಡುದಾರಿಯಲ್ಲಿ ಅವಳಿಗೊಂದು ವಿಚಾರ ಬಂತು. ಪ್ರಯೋಗಾಲಯದಲ್ಲಿ ಎರಡು ಬಾಟಲಿಗಳ ಚೀಟಿ ಅದಲುಬದಲು ಮಾಡಿದರೆ ಸಾಕಲ್ಲವೇ? ಯಾರಿಗೂ ಗೊತ್ತಾಗುವುದಿಲ್ಲ. ಹೆಜ್ಜೆ ನಿಧಾನವಾಯಿತು. ಆದರೆ ನಾಲ್ಕನೆಯದಕ್ಕೆ ಹಾಲೇ ನಿಲ್ಲಿಸಿದ್ದಾರೆ. ಯಾಕೆ ಎಂದು ಹೇಳದೆ ಯಾರೂ ಒಂದು ಹನಿಯನ್ನೂ ಕೊಡುವುದಿಲ್ಲ. ಬಾಗಿಲು ತಟ್ಟದೆ ಒಳಗೆ ಹೋದಳು.

“ಮೇಡಂ, ನನ್ನಿಂದ ತಪ್ಪಾಗೇತಿ,” ಎಂದಳು. ಆಮೇಲಿನದೆಲ್ಲ ಒಂದೇ ಉಸಿರಿಗೆ ಬಂತು.

ಡಾಕ್ಟರ್ ಇನಾಮದಾರ ಕೇಳುತ್ತ ಕೇಳುತ್ತ ಎದ್ದು ನಿಂತರು. “ಸಂಶಯ ಬಂದದ್ದು ಯಾವಾಗ?”

“ನಿನ್ನೆ ಮುಂಜಾನಿ.”

“ನಿನ್ನೆ ಮುಂಜಾನೆ,” ಎಂದು ಅವರು ಮೆಲ್ಲಗೆ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. “ಆ ಹಳದಿ ಹಾಲು ಎಷ್ಟಿದೆ?”

“ನಿನ್ನೆಯದು ನಲವತ್ತು ಎಮ್ಮೆಲ್, ಇವತ್ತಿಂದು ಮೂವತ್ತೈದು.”

“ನಳಿಕೆಯಿಂದ ಹೊಟ್ಟೆಗೆ ಕೊಡೋ ಹಂಗಿಲ್ಲ, ಕರುಳು ತಡೀಲಿಕ್ಕಿಲ್ಲ. ಕೆನ್ನೆಯ ಒಳಗೆ ಹನಿ ಹನಿ ಸವರಬಹುದು. ಬಾಯಿಯ ಚರ್ಮವೇ ಹೀರಿಕೊಳ್ಳುತ್ತೆ. ಎರಡೂ ಮನೆಯವರನ್ನು ಕರೀರಿ. ಅವರಿಗೆ ನೀವೇ ಹೇಳಬೇಕು.”

ಕಸ್ತೂರಿ ಅತ್ತೆ ನೀಲವ್ವನ ಜೊತೆ ಬಂದಳು, ಶಮಶಾದ ತಾಯಿಯ ಜೊತೆ. ನಾಲ್ವರೂ ಒಂದೇ ಬೆಂಚಿನ ಮೇಲೆ ಕೂತರು. ದಾಕ್ಷಾಯಿಣಿ ನಿಂತೇ ಹೇಳಿದಳು. ಶಮಶಾದ ಕೆಳಗೆ ನೋಡುತ್ತಿದ್ದವಳು ಕತ್ತೆತ್ತಲಿಲ್ಲ. ಮೊದಲು ಮಾತಾಡಿದವಳು ಕಸ್ತೂರಿ.

“ಹಂಗಾದ್ರ ಇಷ್ಟು ದಿನ ನಾ ಹಿಂಡಿ ಕೊಟ್ಟಿದ್ದು ನನ್ನ ಕೂಸಿನ ಹಾಲಲ್ಲೇನ್ರಿ?”

“ಹಾಲು ನಿಮ್ಮದ. ಆದ್ರ ಶಮಶಾದ ಅವರ ಕೂಸು ಬೇಡಿದಂಗ ತಯಾರಾಗೇತಿ. ಅದಕ್ಕ ನಿಮ್ಮ ಮಗಳ ತೂಕ ಏರಿಲ್ಲ.”

ನೀಲವ್ವ ಸಿಡಿದೆದ್ದರು. “ನಮ್ಮ ಕೂಸು ಸೊರಗಿದ್ದೂ ನಿಮ್ಮಿಂದ, ಈಗ ಇದ್ದ ಹಾಲೂ ಕೊಡು ಅಂತ ಕೇಳಾಕ ಬಂದೀರಿ? ಕೊಟ್ಟ ಮ್ಯಾಲೆ ನಮ್ಮ ಕೂಸೇನು ನೀರು ಕುಡೀಬೇಕೇನು?”

“ಶಮಶಾದ ಅವರ ಹಾಲು ನಿಮ್ಮ ಮೊಮ್ಮಗಳು ಬೇಡಿದಂಗ ಆಗೇತಿ, ಅವ್ವಾರ. ಅದನ್ನ ನಿಮ್ಮ ಕೂಸಿಗೆ ಕೊಡ್ತೀವಿ. ಮೂರು ದಿನ. ಅಷ್ಟರಾಗ ಹೊಸ ಬಿಲ್ಲೆ ಹಚ್ಚಿ...”

“ಮತ್ತ ನೀವ ಹಚ್ಚವರೇನು?”

“ಇಲ್ರಿ, ಸಿಸ್ಟರ್ ಹಚ್ಚತಾರ,” ಎಂದಳು ದಾಕ್ಷಾಯಿಣಿ.

ಆಗ ಹುಸೇನಬಿ ಬಾಯಿ ತೆರೆದರು. ಅರವತ್ತರ ಹೆಂಗಸು, ಗಾದಿ ಹೊಲಿದು ಹೊಲಿದು ಬೆರಳ ತುದಿ ಗಟ್ಟಿಯಾಗಿದ್ದವು. “ಅಕ್ಕಾರ, ಒಂದು ಮಾತು. ನಮ್ಮಾಗ ಒಬ್ಬಾಕಿ ಹಾಲು ಕುಡಿದ ಕೂಸು, ಆಕಿ ಮಕ್ಕಳಿಗೆ ಒಡಹುಟ್ಟಿದಂಗ. ಮುಂದ ಲಗ್ನ ಸಂಬಂಧ ಆಗೂದಿಲ್ಲ. ಹಾಲು ಯಾರ ಮನೀದು, ಹೆಸರೇನು, ಊರ್ಯಾವುದು, ನನಗ ಬರದು ಕೊಡ್ರಿ. ನಾಳೆ ನಾ ಸತ್ರೂ ಅದು ಈ ಮಕ್ಕಳಿಗೆ ಗೊತ್ತಿರಬೇಕು.”

ಹಾಲು ಕೊಟ್ಟವರ ಹೆಸರು ತಿಳಿಸಬಾರದು ಎಂಬ ನಿಯಮ ಆಸ್ಪತ್ರೆಯಲ್ಲಿತ್ತು. ದಾಕ್ಷಾಯಿಣಿ ಡಾಕ್ಟರ ಕಡೆ ನೋಡಿದಳು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

“ನಾನ ಹೇಳ್ತೀನಿ ತಡೀರಿ,” ಎಂದು ಕಸ್ತೂರಿ ಎದ್ದಳು. “ಕಸ್ತೂರಿ ಬಡಿಗೇರ. ಗಂಡನ ಹೆಸರು ಈರಣ್ಣ. ಊರು ಹೊಳಿ ಆಚೆ, ನೀರಲಗಿ.” ಅತ್ತೆಯ ಕಡೆ ತಿರುಗಿದಳು. “ನಿನ್ನೆಯಿಂದ ಒಂದು ತುತ್ತು ಉಂಡಿಲ್ಲತ್ತಿ ಈಕಿ. ಒಂದ ಕೋಣ್ಯಾಗ ಹದಿನಾರು ದಿನ ಕುಂತೀವಿ. ಕೊಡ್ಲಿ ಬಿಡು.”

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ಬೇಡ ಎನ್ನಲಿಲ್ಲ.

ಎರಡೂ ಬಿಲ್ಲೆಗಳನ್ನು ಕಿತ್ತು ನೋಡಿದಾಗ ಹಿಂಬದಿಯ ಸಂಖ್ಯೆಗಳು ಅದಲುಬದಲಾಗಿದ್ದದ್ದು ಖಚಿತವಾಯಿತು. ಹೊಸ ಬಿಲ್ಲೆಗಳನ್ನು ಸಿಸ್ಟರ್ ಯಮುನಾ ಹಚ್ಚಿದರು. ಡಾಕ್ಟರು ಪಕ್ಕದಲ್ಲಿ ನಿಂತು ಸಂಖ್ಯೆಯನ್ನು ಗಟ್ಟಿಯಾಗಿ ಓದಿದರು. ದಾಕ್ಷಾಯಿಣಿಗೆ ಉಳಿದದ್ದು ಹಾಲನ್ನು ಅಳೆದು ಕೊಡುವ ಕೆಲಸ. ಎರಡು ತಾಸಿಗೊಮ್ಮೆ ಸಿರಿಂಜಿನಲ್ಲಿ ನಾಲ್ಕು ಹನಿ ಹಳದಿ ಹಾಲು ತುಂಬಿ, ಹೆಸರನ್ನು ಮೂರು ಸಲ ಓದಿ, ತಾನೇ ಹೊತ್ತು ಘಟಕಕ್ಕೆ ಒಯ್ಯುತ್ತಿದ್ದಳು. ಸಿಸ್ಟರ್ ಹತ್ತಿಕಡ್ಡಿಯಿಂದ ಕೂಸಿನ ಕೆನ್ನೆಯೊಳಗೆ ಸವರುತ್ತಿದ್ದರು.

ಮೊದಲ ದಿನ ಏನೂ ಬದಲಾಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಕೂಸಿನ ಎದೆಬಡಿತ ಎರಡು ಸಲ ನಿಂತೇಹೋಗುವಂತಾಯಿತು. ಎರಡನೆಯ ಸಲ ಡಾಕ್ಟರು ಎರಡು ಬೆರಳಿನಿಂದ ಆ ಪುಟ್ಟ ಎದೆಯನ್ನು ಒತ್ತುತ್ತಿದ್ದಾಗ ದಾಕ್ಷಾಯಿಣಿ ಸಿರಿಂಜು ಹಿಡಿದುಕೊಂಡೇ ಗೋಡೆಗೆ ಅಂಟಿ ನಿಂತಿದ್ದಳು. ಒಂದು ದಿನ ಮುಂಚೆ, ಒಂದೇ ದಿನ ಮುಂಚೆ ಬಾಯಿ ಬಿಟ್ಟಿದ್ದರೆ! ಗಾಜಿನ ಆಚೆ ಶಮಶಾದ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಕೂಸನ್ನಲ್ಲ, ದಾಕ್ಷಾಯಿಣಿಯನ್ನು.

ಮನೆಗೆ ಹೋಗಿ ಅವಳು ಎಲ್ಲವನ್ನೂ ಹೇಳಿದಳು. “ಕೂಸು ಉಳೀತೈತೇನು?” ಎಂದಷ್ಟೇ ಮಹಾಂತೇಶ ಕೇಳಿದ. ಗೊತ್ತಿಲ್ಲ ಎಂದಳು. ಗಂಗವ್ವ ಆ ಸಂಜೆ ಮಾಲೆ ಕಟ್ಟಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕೂಸಿನ ಹೊಟ್ಟೆ ಒಂದು ಸೆಂಟಿಮೀಟರ್ ಇಳಿದಿತ್ತು. ಅಳತೆ ತಪ್ಪಿರಬೇಕೆಂದು ಸಿಸ್ಟರ್ ಮತ್ತೆ ಅಳೆದರು. ತಪ್ಪಿರಲಿಲ್ಲ. ಸಂಜೆಗೆ ಬೂದಿ ಬಣ್ಣ ಹೋಗಿ ಕಿವಿಯ ತುದಿಗಳಲ್ಲಿ ಕೆಂಪು ಕಂಡಿತು. ಐದನೆಯ ದಿನ ಉಸಿರಾಟದ ನಳಿಕೆ ತೆಗೆದರು. ಕೂಸು ಬೆಕ್ಕಿನ ಮರಿಯಷ್ಟು ದನಿಯಲ್ಲಿ ಅತ್ತಿತು. ಆ ಹೊತ್ತಿಗೆ ಶಮಶಾದಳ ಸ್ವಂತ ಹಾಲು ಹಳದಿಗೆ ತಿರುಗಿತ್ತು. ಒಂದು ಎಮ್ಮೆಲ್, ಆಮೇಲೆ ಎರಡು, ಹೀಗೆ ಹಾಲನ್ನು ಮತ್ತೆ ಹೊಟ್ಟೆಗೆ ಬಿಡತೊಡಗಿದರು. ಕಸ್ತೂರಿಯ ಮಗಳು ಅಷ್ಟರಲ್ಲಿ ತೊಂಬತ್ತು ಗ್ರಾಂ ಏರಿದ್ದಳು.

ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ದಾಕ್ಷಾಯಿಣಿ ಏನನ್ನೂ ಮುಚ್ಚಿಡಲಿಲ್ಲ. ಒಂದು ದಿನ ಸುಮ್ಮನಿದ್ದುದನ್ನೂ ಬರೆದು ಕೊಟ್ಟಳು. ಇನ್ನು ಮುಂದೆ ಬಿಲ್ಲೆ ಹಚ್ಚುವಾಗ ಇಬ್ಬರು ಸಂಖ್ಯೆ ಓದಬೇಕು, ತಾಯಿ ಎಚ್ಚರವಾಗಿದ್ದು ‘ಚುಚ್ಚಿತು’ ಎಂದು ಬಾಯಿಬಿಟ್ಟು ಹೇಳಬೇಕು ಎಂದು ಹೊಸ ನಿಯಮ ಮಾಡಿದರು. ತಿಂಗಳ ಕೊನೆಗೆ ಬಂದ ಕಾಗದದಲ್ಲಿ ಅವಳ ಕಾಂಟ್ರ್ಯಾಕ್ಟ್ ಮುಂದುವರಿಸುವುದಿಲ್ಲ ಎಂದಿತ್ತು. ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ತನ್ನ ಸಾಮಾನು ತೆಗೆದುಕೊಳ್ಳುತ್ತಿದ್ದಾಗ ಸಿಸ್ಟರ್ ಯಮುನಾ ಕರೆಯಲು ಬಂದರು.

“ನಾಲ್ಕನೇದ್ದನ್ನ ಇವತ್ತು ಎದಿಗೆ ಹಾಕಾಕತ್ತೀವಿ. ಆಕಿ ನಿಮ್ಮನ್ನ ಕರಿ ಅಂತಾಳ.”

ಶಮಶಾದ ಪರದೆಯ ಹಿಂದೆ ಕೂತಿದ್ದಳು. ಕೂಸಿನ ಬತ್ತಿಯನ್ನು ಸಿಸ್ಟರ್ ತೆಗೆದಿದ್ದರು. ಶಮಶಾದ ದಾಕ್ಷಾಯಿಣಿಯನ್ನು ನೋಡಿ ಕುಪ್ಪಸ ಸರಿಸಿ ಬಿಲ್ಲೆ ತೋರಿಸಿದಳು.

“ಮೊದಲನೇದು ನೀವ ಹಚ್ಚಿದ್ರಿ. ಇದನ್ನ ನೀವ ತೆಗೀರಿ. ಇನ್ನ ಇದು ನಮಗ ಬ್ಯಾಡ.”

ಕ್ಷಮಿಸಿದ ದನಿಯೋ ಸಿಟ್ಟಿನ ದನಿಯೋ ತಿಳಿಯಲಿಲ್ಲ. ದಾಕ್ಷಾಯಿಣಿ ಮಂಡಿಯೂರಿ ಬಿಲ್ಲೆಯ ಅಂಚನ್ನು ಉಗುರಿನಿಂದ ಎಬ್ಬಿಸಿ ಮೆಲ್ಲಗೆ ಬಿಡಿಸಿದಳು. ಕೆಳಗೆ ಚರ್ಮ ದುಂಡಗೆ ಕೆಂಪಾಗಿತ್ತು.

ಸಿಸ್ಟರ್ ಕೂಸನ್ನು ಎದೆಗೆ ಹಿಡಿಸಿದರು. ಒಂದು ಕಿಲೋ ಮುನ್ನೂರ ತೊಂಬತ್ತು ಗ್ರಾಂ. ಅದಕ್ಕೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಿ ಗೊತ್ತಿರಲಿಲ್ಲ. ಬಾಯಿ ಅತ್ತಿತ್ತ ತಡಕಾಡಿತು, ಸಿಕ್ಕಿತು. ಒಂದು ಸಲ ಎಳೆಯಿತು. ಎರಡು ಸಲ. ಮೂರು.

ನಿಂತಿತು.

ಗೋಡೆಯ ಪರದೆಯ ಮೇಲೆ ಎದೆಬಡಿತ ನೂರಾ ನಲವತ್ತರಿಂದ ನೂರಾ ಹದಿನೈದಕ್ಕೆ ಇಳಿಯಿತು, ಆಮೇಲೆ ತೊಂಬತ್ತಾರಕ್ಕೆ. ಗಂಟೆ ಬಡಿಯತೊಡಗಿತು. ಕೂಸಿನ ತುಟಿಯ ಸುತ್ತ ನೀಲಿ ಮೂಡಿತು. ಸಿಸ್ಟರ್ ಕೈ ಮುಂದೆ ಚಾಚಿದರು.

“ತಡೀರಿ,” ಎಂದಳು ಶಮಶಾದ. ತನ್ನ ಕಿರುಬೆರಳಿನಿಂದ ಕೂಸಿನ ಬೆನ್ನನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಿದಳು. “ಉಸಿರಾಡಪ್ಪಾ. ಅವಸರಿಲ್ಲ, ಎಲ್ಲೂ ಹೋಗೂದಿಲ್ಲ ನಾ. ಉಸಿರಾಡು.”

ಕೂಸು ಬಾಯಿ ಬಿಟ್ಟು ಗಕ್ಕನೆ ಉಸಿರೆಳೆಯಿತು. ಸಂಖ್ಯೆ ಒಂದೊಂದಾಗಿ ಏರಿ, ಗಂಟೆ ನಿಂತಿತು. ಬಾಯಿಯ ಅಂಚಿನಲ್ಲಿ ಬೆಳ್ಳನೆಯ ಹನಿಯೊಂದು ಇಳಿಯುತ್ತಿತ್ತು.

ಅದು ಮತ್ತೆ ತಡಕಾಡಿ ಎದೆಯನ್ನು ಹಿಡಿಯಿತು.

“ಎಳೀತೈತಿ,” ಎಂದಳು ಶಮಶಾದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ಅಕ್ಕಾರ, ಎಳೀತೈತಿ ನೋಡ್ರಿ.”